ಗುತ್ತಿಗೆಯಲ್ಲಿರುವ ವಿದೇಶಿ ವಿಮಾನದ ಖರೀದಿ: ಈಗಲೇ ಕೊಳ್ಳುವುದೋ, ಗುತ್ತಿಗೆ ಮುಗಿದ ಮೇಲೋ?

ಪ್ರಶ್ನೆ (ಸರಕು ಸಾಗಣೆ ಸಂಸ್ಥೆಯ ಹಣಕಾಸು ವಿಭಾಗ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಇದುವರೆಗೆ ಬೇರೆ ಸಂಸ್ಥೆಗಳ ವಿಮಾನಗಳಲ್ಲಿ ಜಾಗ ಪಡೆದು ಸರಕು ಕಳುಹಿಸುತ್ತಿದ್ದ ನಾವು, ಸ್ವಂತಕ್ಕೊಂದು ಬೋಯಿಂಗ್ 737-800 ಕೊಂಡು ಅದನ್ನು ಸರಕು ವಿಮಾನವನ್ನಾಗಿ ಪರಿವರ್ತಿಸುವ ಆಲೋಚನೆಯಲ್ಲಿದ್ದೇವೆ. ನಮಗೆ ತೋರಿಸಿರುವ ವಿಮಾನ, ಅದೊಂದಕ್ಕಾಗಿಯೇ ಐರ್ಲೆಂಡಿನಲ್ಲಿ ಸ್ಥಾಪಿಸಿದ ಕಂಪನಿಯೊಂದರ ಹೆಸರಿನಲ್ಲಿದೆ. ಅದನ್ನು ಹಾರಿಸುತ್ತಿರುವುದು ಯುರೋಪಿನ ಇನ್ನೊಂದು ದೇಶದ ವಿಮಾನಯಾನ ಸಂಸ್ಥೆ. ಗುತ್ತಿಗೆ ಮುಗಿಯಲು ಇನ್ನೂ ವರ್ಷಕ್ಕೂ ಮೇಲ್ಪಟ್ಟು ಅವಧಿ ಇದೆ.

ಮಾರುವವರು ಎರಡು ದಾರಿ ಮುಂದಿಟ್ಟಿದ್ದಾರೆ. ಒಂದು, ಗುತ್ತಿಗೆಯ ಸಮೇತ ಈಗಲೇ ಕೊಳ್ಳುವುದು. ಆಗ ಉಳಿದ ಅವಧಿಯ ಬಾಡಿಗೆ ನಮಗೆ ಬರುತ್ತದೆ, ಬೆಲೆಯಲ್ಲೂ ಸ್ವಲ್ಪ ರಿಯಾಯಿತಿ ಇದೆ. ಇನ್ನೊಂದು, ಗುತ್ತಿಗೆ ಮುಗಿದು ವಿಮಾನ ಅವರ ಕೈಗೆ ಮರಳಿದ ಮೇಲೆ ಕೊಳ್ಳುವುದು. ಲೆಕ್ಕದ ಹಾಳೆಯಲ್ಲಿ ಮೊದಲನೆಯದೇ ಲಾಭದಾಯಕವಾಗಿ ಕಾಣುತ್ತದೆ. ಆದರೆ ನಮ್ಮ ನಿರ್ದೇಶಕರೊಬ್ಬರು, 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿದ ಮೇಲೆ ಗುತ್ತಿಗೆ ಕೊಟ್ಟಿದ್ದ ಕಂಪನಿಗಳು ತಮ್ಮದೇ ವಿಮಾನಗಳಿಗಾಗಿ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದ್ದನ್ನು ಇದೇ ಊರಿನಲ್ಲಿದ್ದು ಗಮನಿಸಿದವರು. ಕಾಗದದಲ್ಲಿ ವಿಮಾನ ನಮ್ಮದಾಗಿ, ಕೈಗೆ ಮಾತ್ರ ಸಿಗದಂತಹ ಸ್ಥಿತಿ ಬರಬಾರದು ಎಂಬುದೊಂದೇ ಅವರ ಷರತ್ತು. ಇಂತಹ ವ್ಯವಹಾರದಲ್ಲಿ ಕಾನೂನಿನ ಅಡ್ಡಿಗಳು ನಿಜವಾಗಿ ಎಲ್ಲೆಲ್ಲಿ ಬರುತ್ತವೆ ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ವಿಮಾನ ಹಣಕಾಸು ವಕೀಲೆ, ಡಬ್ಲಿನ್)

ತಮ್ಮ ನಿರ್ದೇಶಕರು ಕೇಳಬೇಕಾದದ್ದನ್ನೇ ಕೇಳಿದ್ದಾರೆ. ಒಡೆತನ ಒಂದು ದೇಶದಲ್ಲಿ, ನೋಂದಣಿ ಇನ್ನೊಂದರಲ್ಲಿ, ವಿಮಾನ ನಿಂತಿರುವುದು ಮೂರನೆಯದರಲ್ಲಿ ಎಂಬುದು ಈ ಉದ್ಯಮದಲ್ಲಿ ತೀರ ಸಾಮಾನ್ಯ. ತೊಡಕೆಂದರೆ ಮೂರಕ್ಕೂ ಬೇರೆ ಬೇರೆ ಕಾನೂನು ಅನ್ವಯಿಸುತ್ತದೆ.

ಮೊದಲು ನೋಂದಣಿಯ ವಿಷಯ. 1944ರ ಶಿಕಾಗೋ ಒಪ್ಪಂದದ ಪ್ರಕಾರ ಒಂದು ವಿಮಾನ ಏಕಕಾಲಕ್ಕೆ ಎರಡು ದೇಶಗಳಲ್ಲಿ ನೋಂದಣಿಯಾಗಿರುವಂತಿಲ್ಲ. ಆದ್ದರಿಂದ ಅಲ್ಲಿನ ನೋಂದಣಿ ರದ್ದಾಗುವವರೆಗೆ ಭಾರತದ ನೋಂದಣಿ ಗುರುತಾದ 'ವಿಟಿ' ಅಕ್ಷರಗಳು ತಮಗೆ ಸಿಗುವುದಿಲ್ಲ, ಮತ್ತು ಆ ರದ್ದತಿಗೆ ಬೇಕಾದ ಸಹಿ ಬಹುಪಾಲು ಹಾರಿಸುತ್ತಿರುವ ಸಂಸ್ಥೆಯ ಕೈಯಲ್ಲೇ ಇರುತ್ತದೆ. ವಿಮಾನದಂತಹ ಸ್ವತ್ತಿನಲ್ಲಿ ಮಾಲೀಕರ ಮತ್ತು ಸಾಲ ಕೊಟ್ಟವರ ಹಕ್ಕನ್ನು ಕಾಯುವ ಅಂತಾರಾಷ್ಟ್ರೀಯ ಒಪ್ಪಂದವಾದ ಕೇಪ್‌ಟೌನ್ ಒಡಂಬಡಿಕೆ ಈ ಗಂಟನ್ನು ಸಡಿಲಿಸಿತು. 2001ರಲ್ಲಿ ರೂಪುಗೊಂಡ ಆ ಒಡಂಬಡಿಕೆ ಮತ್ತು ಅದರ ವಿಮಾನ ಪ್ರೋಟೋಕಾಲ್ 2006ರಲ್ಲಿ ಜಾರಿಗೆ ಬಂದವು. ಭಾರತ 2008ರಲ್ಲಿ ಸೇರಿತು. ಇದರ ಅಡಿಯಲ್ಲಿ ವಿಮಾನ ಪಡೆದ ಸಂಸ್ಥೆ 'ಐಡೇರಾ' ಎಂಬ ಹಿಂತೆಗೆದುಕೊಳ್ಳಲಾಗದ ಅಧಿಕಾರಪತ್ರವನ್ನು ಮೊದಲೇ ಬರೆದುಕೊಡುತ್ತದೆ. ಗುತ್ತಿಗೆ ಮುರಿದುಬಿದ್ದರೆ, ಆ ಪತ್ರದಲ್ಲಿ ಹೆಸರಿರುವವರು ನೋಂದಣಿ ರದ್ದುಪಡಿಸಿ ವಿಮಾನವನ್ನು ಹೊರದೇಶಕ್ಕೆ ಒಯ್ಯಲು ನೇರವಾಗಿ ಆ ದೇಶದ ವಿಮಾನಯಾನ ಪ್ರಾಧಿಕಾರವನ್ನು ಕೋರಬಹುದು.

ಇಲ್ಲಿ ಎರಡು ಎಚ್ಚರಿಕೆಗಳಿವೆ. ತಾವು ದೇಶದ ಹೆಸರು ಹೇಳಿಲ್ಲ. ಜರ್ಮನಿ ಮತ್ತು ಫ್ರಾನ್ಸ್ ಈ ಒಡಂಬಡಿಕೆಗೆ ಸಹಿ ಹಾಕಿವೆಯೇ ಹೊರತು ಅದನ್ನು ಅನುಮೋದಿಸಿಲ್ಲ. ವಿಮಾನ ಅಲ್ಲಿನ ನೋಂದಣಿಯಲ್ಲಿದ್ದರೆ ಐಡೇರಾದ ಬಲವಿಲ್ಲ, ಸಾಮಾನ್ಯ ಮುಖ್ತಾರುನಾಮೆಯನ್ನೇ ನೆಚ್ಚಿಕೊಳ್ಳಬೇಕು. ಎರಡನೆಯದಾಗಿ, ಈಗಿರುವ ಐಡೇರಾ ಮಾರುವವರ ಅಥವಾ ಅವರಿಗೆ ಸಾಲ ಕೊಟ್ಟ ಬ್ಯಾಂಕಿನ ಹೆಸರಿನಲ್ಲಿರುತ್ತದೆ. ಗುತ್ತಿಗೆಯ ಸಮೇತ ಕೊಂಡರೆ ಗುತ್ತಿಗೆ ಒಪ್ಪಂದವನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ಹಳೆಯ ಪತ್ರವನ್ನು ಹಿಂಪಡೆದು, ಹೊಸದನ್ನು ತಮ್ಮ ಹೆಸರಿನಲ್ಲಿ ಬರೆಸಿ ಪ್ರಾಧಿಕಾರದಲ್ಲಿ ದಾಖಲಿಸಬೇಕು. ಇಷ್ಟಕ್ಕೂ ವಿಮಾನಯಾನ ಸಂಸ್ಥೆಯ ಸಹಕಾರ ಬೇಕು, ಮತ್ತು ಅದಕ್ಕೆ ಇದರಲ್ಲಿ ಯಾವ ಲಾಭವೂ ಇಲ್ಲ. ಹೊಸ ಮಾಲೀಕರ ದೇಶದಿಂದಾಗಿ ತನ್ನ ತೆರಿಗೆ ಹೊರೆ ಹೆಚ್ಚಬಾರದು ಎಂದು ಅದು ಹಟ ಹಿಡಿಯುವುದು ಖಚಿತ. ಭಾರತದ ಮಾಲೀಕರೆಂದರೆ ಈ ಚರ್ಚೆ ಸುಲಭಕ್ಕೆ ಮುಗಿಯುವುದಿಲ್ಲ.

ಇನ್ನು ಒಡೆತನ ಕೈಬದಲಾಗುವ ಕ್ಷಣ. ಹೊಸಬರು ಇದನ್ನು ಬರಿಯ ಔಪಚಾರಿಕತೆ ಎಂದುಕೊಳ್ಳುತ್ತಾರೆ. ಇಂಗ್ಲೆಂಡಿನ ನ್ಯಾಯಾಲಯಗಳು ಚರವಸ್ತುವಿನ ಒಡೆತನ ವರ್ಗಾವಣೆಯನ್ನು ಆ ಕ್ಷಣದಲ್ಲಿ ವಸ್ತು ಎಲ್ಲಿತ್ತೋ ಆ ದೇಶದ ಕಾನೂನಿನಿಂದ ಅಳೆಯುತ್ತವೆ. 2010ರ ಬ್ಲೂ ಸ್ಕೈ ವಿರುದ್ಧ ಮಹಾನ್ ಏರ್ ತೀರ್ಪಿನಲ್ಲಿ ಇದು ಕಠೋರವಾಗಿ ಅನ್ವಯವಾಯಿತು. ಬ್ರಿಟನ್ನಿನಲ್ಲಿ ನೋಂದಣಿಯಾಗಿದ್ದ 747 ಒಂದನ್ನು ಇಂಗ್ಲಿಷ್ ಕಾನೂನಿನಡಿ ಅಡಮಾನ ಮಾಡಿದಾಗ ಅದು ನೆದರ್ಲೆಂಡ್ಸಿನಲ್ಲಿ ನಿಂತಿತ್ತು. ಡಚ್ ಕಾನೂನಿನ ಅಗತ್ಯಗಳು ಪೂರೈಕೆಯಾಗಿರಲಿಲ್ಲವಾದ ಕಾರಣ, ಸಾಲ ಕೊಟ್ಟವರ ಅಡಮಾನ ಊರ್ಜಿತವಾಗಲಿಲ್ಲ. ಅಂದಿನಿಂದ ಖರೀದಿ ಒಪ್ಪಂದಗಳಲ್ಲಿ ವಿಮಾನ ಎಲ್ಲಿರುವಾಗ ಒಡೆತನ ಬದಲಾಗಬೇಕು ಎಂಬುದನ್ನು ದೇಶವಾರು ಪಟ್ಟಿ ಮಾಡಿ ಬರೆಯುತ್ತೇವೆ. ಕೊನೆಯ ದಿನದ ಫೋನ್ ಕರೆಯಲ್ಲಿ ಡಬ್ಲಿನ್, ಲಂಡನ್, ಖರೀದಿದಾರರ ಊರು ಹೀಗೆ ಹತ್ತಾರು ಜನ ಒಟ್ಟಿಗೆ ಕಾಯುತ್ತಿರುತ್ತಾರೆ. ವಿಮಾನಯಾನ ಸಂಸ್ಥೆಯ ನಿಯಂತ್ರಣ ಕೊಠಡಿಯವರು ವಿಮಾನ ಇಂತಹ ನಿಲ್ದಾಣದಲ್ಲಿ ಇಳಿದು ನಿಂತಿದೆ, ಅಥವಾ ಇಂತಹ ಅಕ್ಷಾಂಶ ರೇಖಾಂಶದಲ್ಲಿ ಅಂತಾರಾಷ್ಟ್ರೀಯ ಸಾಗರದ ಮೇಲಿದೆ ಎಂದು ಖಚಿತಪಡಿಸಿದ ಮೇಲೆಯೇ, ಮೊದಲೇ ಸಹಿಯಾಗಿದ್ದ ಕ್ರಯಪತ್ರದಲ್ಲಿ ದಿನಾಂಕವನ್ನೂ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಗಂಟೆ ನಿಮಿಷವನ್ನೂ ತುಂಬಲಾಗುತ್ತದೆ. ಮೌಲ್ಯವರ್ಧಿತ ತೆರಿಗೆಯೂ ಇದೇ ಸ್ಥಳವನ್ನು ಅವಲಂಬಿಸಿರುವುದರಿಂದ ಆ ನಿಮಿಷಕ್ಕೆ ಬೆಲೆ ಇದೆ. ಮಾರುವವರು ಐರ್ಲೆಂಡಿನವರಾದ್ದರಿಂದ ಈ ಮಾರಾಟವನ್ನು ಕೇಪ್‌ಟೌನ್ ಒಡಂಬಡಿಕೆಯಡಿ ಡಬ್ಲಿನ್ನಿನಲ್ಲಿರುವ ಅಂತಾರಾಷ್ಟ್ರೀಯ ನೋಂದಣಿಯಲ್ಲೂ ದಾಖಲಿಸಬಹುದು, ದಾಖಲಿಸಲೇಬೇಕು; ಅಲ್ಲಿ ಆದ್ಯತೆ ಮೊದಲು ದಾಖಲಿಸಿದವರಿಗೆ.

ಬಾಕಿಗಳ ಬಗ್ಗೆ ಒಂದು ಮಾತು. ಯುರೋಪಿನಲ್ಲಿ ಹಾರುವ ವಿಮಾನದ ಮೇಲೆ ಅಲ್ಲಿನ ವಾಯುಸಂಚಾರ ಸಂಸ್ಥೆಯಾದ ಯೂರೋಕಂಟ್ರೋಲ್‌ನ ಶುಲ್ಕ ಮತ್ತು ನಿಲ್ದಾಣ ಶುಲ್ಕಗಳ ಬಾಕಿ ಇರಬಹುದು. ಬ್ರಿಟನ್ನಿನ ಕಾನೂನಿನಲ್ಲಿ ಸಂಸ್ಥೆಯೊಂದರ ಎಲ್ಲ ವಿಮಾನಗಳ ಬಾಕಿಗೆ ಅದರ ಯಾವುದೇ ಒಂದು ವಿಮಾನವನ್ನು ತಡೆಹಿಡಿಯುವ ಅವಕಾಶವಿದೆ. 2008ರಲ್ಲಿ ಜೂಮ್ ಏರ್‌ಲೈನ್ಸ್ ಮುಚ್ಚಿದಾಗ ವಿಮಾನ ಗುತ್ತಿಗೆಗೆ ಕೊಟ್ಟಿದ್ದ ಕಂಪನಿಯೊಂದು ಇದನ್ನು ಪ್ರಶ್ನಿಸಿ ಸೋತಿತು. ಹಾಗಾಗಿ ಯೂರೋಕಂಟ್ರೋಲ್‌ನಿಂದ ಲೆಕ್ಕಪತ್ರ ತರಿಸಿಕೊಳ್ಳುವ ಅಧಿಕಾರವನ್ನು ವಿಮಾನಯಾನ ಸಂಸ್ಥೆಯಿಂದ ಮೊದಲೇ ಬರೆಸಿಕೊಳ್ಳಿ.

ನನ್ನ ಅಭಿಪ್ರಾಯ ಎರಡನೆಯ ದಾರಿಯ ಪರ. ತಾವು ಸರಕು ಸಾಗಿಸುವವರು. ಒಂದು ವರ್ಷದ ಬಾಡಿಗೆಗಾಗಿ ವಿದೇಶದಲ್ಲಿ ಗುತ್ತಿಗೆ ಕೊಡುವ ವ್ಯವಹಾರಕ್ಕೆ ಇಳಿಯುವ ಅಗತ್ಯ ನನಗೆ ಕಾಣುವುದಿಲ್ಲ.

ಉತ್ತರ 2 (ಕಸ್ಟಮ್ಸ್ ಮತ್ತು ವಿದೇಶಿ ವಿನಿಮಯ ಕಾಯ್ದೆ ಫೆಮಾದ ಸಲಹೆಗಾರ, ಬೆಂಗಳೂರು)

ಮೇಡಂ ಅವರ ತೀರ್ಮಾನವನ್ನು ಒಪ್ಪುತ್ತೇನೆ. ಭಾರತದ ಕಡೆಯಿಂದ ಅದಕ್ಕೆ ಇನ್ನೂ ಬಲವಾದ ಕಾರಣವಿದೆ. ಆಮದಿಗಾಗಿ ಹಣ ಕಳುಹಿಸಿದರೆ ಸರಕು ನಿಗದಿತ ಅವಧಿಯಲ್ಲಿ ಭಾರತಕ್ಕೆ ಬಂದು, ಕಸ್ಟಮ್ಸ್‌ನ ಆಮದು ದಾಖಲೆಯಾದ ಬಿಲ್ ಆಫ್ ಎಂಟ್ರಿ ಬ್ಯಾಂಕಿಗೆ ತಲುಪಬೇಕು. ಗುತ್ತಿಗೆಯ ಸಮೇತ ಕೊಂಡ ವಿಮಾನ ಯುರೋಪಿನಲ್ಲೇ ಬಾಡಿಗೆ ದುಡಿಯುತ್ತಿದ್ದರೆ, ತಾವು ಕಳುಹಿಸಿದ್ದು ಆಮದಿನ ಹಣವೋ ವಿದೇಶದಲ್ಲಿ ಮಾಡಿದ ಹೂಡಿಕೆಯೋ ಎಂದು ಬ್ಯಾಂಕು ಕೇಳಿಯೇ ಕೇಳುತ್ತದೆ. ವಿಮಾನದ ಬದಲು ಆ ಐರಿಷ್ ಕಂಪನಿಯ ಷೇರುಗಳನ್ನೇ ಕೊಂಡರೆ ಅದು 2022ರ ಸಾಗರೋತ್ತರ ಹೂಡಿಕೆ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಆಗ ಹಾದಿ ಸ್ಪಷ್ಟ, ಆದರೆ ಕಂಪನಿಯ ಹಳೆಯ ಹೊಣೆಗಳೆಲ್ಲ ತಮ್ಮ ತಲೆಗೆ ಬರುತ್ತವೆ. ಮುಂಗಡದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಬ್ಯಾಂಕ್ ಖಾತರಿಯಿಲ್ಲದೆ 5 ಕೋಟಿ ಡಾಲರ್‌ವರೆಗೆ ಮುಂಗಡ ಕಳುಹಿಸುವ ಸೌಲಭ್ಯ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿದೆಯಾದರೂ ಅದು ಹಾರಾಟದ ಅನುಮತಿ ಪಡೆದ ವಿಮಾನಯಾನ ಕಂಪನಿಗಳಿಗೆ ಮಾತ್ರ. ತಮ್ಮ ಬಳಿ ಆ ಅನುಮತಿ ಇದೆಯೇ? ಸಚಿವಾಲಯದ ಆರಂಭಿಕ ನಿರಾಕ್ಷೇಪಣೆ, ಆಮದಿಗೆ ಒಪ್ಪಿಗೆ, ಆಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಆಪರೇಟರ್ ಪ್ರಮಾಣಪತ್ರ ಎಂಬ ಸರಣಿಯಲ್ಲಿ ತಾವು ಎಲ್ಲಿದ್ದೀರಿ ಎಂಬುದನ್ನು ಪ್ರಶ್ನೆಯಲ್ಲಿ ಬರೆದಿಲ್ಲ. ಅದಿಲ್ಲದಿದ್ದರೆ ಉಳಿದ ಚರ್ಚೆಯೆಲ್ಲ ಆತುರದ್ದಾಗುತ್ತದೆ.

ಸುಂಕದಲ್ಲಿ, ವಿಮಾನವನ್ನು ಯಾವ ಬಳಕೆಗೆ ತರುತ್ತೀರಿ ಎಂಬುದರ ಮೇಲೆ ವಿನಾಯಿತಿ ನಿಂತಿದೆ. ಬಳಕೆ ಬದಲಾದರೆ ವಿನಾಯಿತಿ ಹೋಗುತ್ತದೆ, ಬಡ್ಡಿ ಸಮೇತ. ನಮ್ಮ ರಾಜ್ಯದ್ದೇ ಉದಾಹರಣೆ ಇದೆ: ಹುಬ್ಬಳ್ಳಿಯ ವಿಆರ್‌ಎಲ್ ಲಾಜಿಸ್ಟಿಕ್ಸ್ ಆಮದು ಮಾಡಿದ ವಿಮಾನದ ವಿನಾಯಿತಿ ವಿವಾದ ಸುಂಕ ಮೇಲ್ಮನವಿ ನ್ಯಾಯಮಂಡಳಿಯ ವಿಸ್ತೃತ ಪೀಠದವರೆಗೆ ಹೋಗಿ, 2022ರಲ್ಲಿ ಆಮದುದಾರರ ಪರವಾಗಿ ತೀರ್ಮಾನವಾಯಿತು. ಗೆದ್ದರೂ ವರ್ಷಗಟ್ಟಲೆ ಹಿಡಿಯಿತು ಎಂಬುದನ್ನು ತಮ್ಮ ನಿರ್ದೇಶಕರಿಗೆ ತಿಳಿಸಿ.

ತಮ್ಮಂತೆಯೇ ಯೋಚಿಸುವ ಕೆಲವರು, ಮೊದಲು ವಿಮಾನವನ್ನು ಗುತ್ತಿಗೆಯ ಮೇಲೆ ಭಾರತಕ್ಕೆ ತಂದು ಆಮೇಲೆ ಕೊಳ್ಳೋಣ ಎನ್ನುತ್ತಾರೆ. ಹಾಗೆ ಮಾಡುವ ಮೊದಲು 2017ರ 50ನೇ ಕಸ್ಟಮ್ಸ್ ಅಧಿಸೂಚನೆಯಿಂದ ಬಂದ ಷರತ್ತುಗಳನ್ನು ಓದಿ. ಗುತ್ತಿಗೆಯ ಮೇಲೆ ಬರುವ ವಿಮಾನಕ್ಕೆ ಆಮದಿನ ಹಂತದಲ್ಲಿ ಐಜಿಎಸ್‌ಟಿ (ಸಮಗ್ರ ಸರಕು ಮತ್ತು ಸೇವಾ ತೆರಿಗೆ) ಬಿಟ್ಟು, ಬಾಡಿಗೆಯ ಮೇಲೆ ಅದನ್ನು ವಸೂಲು ಮಾಡುವ ವ್ಯವಸ್ಥೆ ಅದು. ಅದಕ್ಕೆ ಪ್ರತಿಯಾಗಿ ಆಮದುದಾರರು ಬರೆದುಕೊಡುವ ಮುಚ್ಚಳಿಕೆಯಲ್ಲಿ, ಆಯುಕ್ತರ ಪೂರ್ವಾನುಮತಿ ಇಲ್ಲದೆ ವಿಮಾನವನ್ನು ಮಾರುವುದಿಲ್ಲ, ಪರಭಾರೆ ಮಾಡುವುದಿಲ್ಲ; ಗುತ್ತಿಗೆ ಮುಗಿದ ಮೂರು ತಿಂಗಳೊಳಗೆ ಹೊರದೇಶಕ್ಕೆ ಮರಳಿಸುತ್ತೇವೆ; ತಪ್ಪಿದರೆ ಬಿಟ್ಟ ತೆರಿಗೆಯನ್ನು ಕೇಳಿದಾಗ ಕಟ್ಟುತ್ತೇವೆ ಎಂದು ಇರುತ್ತದೆ. ಅಂದರೆ ಹ್ಯಾಂಗರಿನಲ್ಲಿ ನಿಂತಿರುವ ಅದೇ ವಿಮಾನವನ್ನು ಅದೇ ಸಂಸ್ಥೆ ಕೊಳ್ಳುವುದಕ್ಕೂ ಕಸ್ಟಮ್ಸ್ ಆಯುಕ್ತರ ಬಾಗಿಲು ತಟ್ಟಬೇಕಾಗುತ್ತದೆ. ವಿದೇಶಿ ಮಾಲೀಕರೂ ಭಾರತದ ಖರೀದಿದಾರರೂ ಬೆಲೆ ಕುದುರಿಸಿ, ದಿನ ಗೊತ್ತುಪಡಿಸಿ, ಕೊನೆಗೆ ಈ ಮುಚ್ಚಳಿಕೆಯನ್ನು ನೆನಪಿಸಿಕೊಂಡು ಒಡೆತನ ವರ್ಗಾವಣೆಯನ್ನು ಮುಂದೂಡಿದ ಸಂದರ್ಭವನ್ನು ನಾನು ಕಂಡಿದ್ದೇನೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಸಚಿವಾಲಯದ ಆರಂಭಿಕ ನಿರಾಕ್ಷೇಪಣೆ ಸಿಕ್ಕಿದೆ. ಆಪರೇಟರ್ ಪ್ರಮಾಣಪತ್ರದ ಕೆಲಸ ನಡೆಯುತ್ತಿದೆ. ವಿಮಾನದ ನೋಂದಣಿ ಕೇಪ್‌ಟೌನ್ ಒಡಂಬಡಿಕೆಯನ್ನು ಒಪ್ಪಿದ ದೇಶದಲ್ಲೇ ಇದೆ. ನಮ್ಮ ಲೆಕ್ಕಪರಿಶೋಧಕರು ಮೂರನೆಯ ದಾರಿಯೊಂದನ್ನು ಸೂಚಿಸಿದ್ದಾರೆ: ಗುಜರಾತಿನ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರವಾದ ಗಿಫ್ಟ್ ಸಿಟಿಯಲ್ಲಿ ನಮ್ಮದೇ ಘಟಕ ಸ್ಥಾಪಿಸಿ ಅದರ ಹೆಸರಿನಲ್ಲಿ ವಿಮಾನ ಕೊಂಡು, ಅಲ್ಲಿಂದ ಸರಕು ಕಂಪನಿಗೆ ಗುತ್ತಿಗೆ ಕೊಡುವುದು. ಸಾಲ ಕೊಡಲು ಮುಂದೆ ಬಂದಿರುವ ಬ್ಯಾಂಕಿನವರು ಮಾತ್ರ ದಿವಾಳಿಯಾದ ವಿಮಾನಯಾನ ಸಂಸ್ಥೆ ಗೋ ಫಸ್ಟ್ ಹೆಸರೆತ್ತಿ ಹಿಂಜರಿಯುತ್ತಿದ್ದಾರೆ. ವಿಮಾನ ಮಾಲೀಕರ ಹಕ್ಕು ಕಾಯುವ 2025ರ ಹೊಸ ಕಾಯ್ದೆ ಬಂದ ಮೇಲೂ ಆ ಭಯಕ್ಕೆ ಆಧಾರವಿದೆಯೇ?

ಉತ್ತರ 3 (ವಿಮಾನ ಹಣಕಾಸು ವಕೀಲೆ, ಡಬ್ಲಿನ್)

ಭಯ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಗೋ ಫಸ್ಟ್ 2023ರ ಮೇ 2ರಂದು ತಾನಾಗಿಯೇ ದಿವಾಳಿ ಅರ್ಜಿ ಸಲ್ಲಿಸಿತು, ಮೇ 10ರಂದು ನ್ಯಾಯಮಂಡಳಿ ಅದನ್ನು ಅಂಗೀಕರಿಸಿತು, ಅಂದೇ ದಿವಾಳಿ ಸಂಹಿತೆಯ 14ನೇ ಸೆಕ್ಷನ್ನಿನ ತಡೆ ಜಾರಿಗೆ ಬಂತು. ಐಡೇರಾ ಬಂದ ಐದು ಕೆಲಸದ ದಿನಗಳಲ್ಲಿ ನೋಂದಣಿ ರದ್ದುಪಡಿಸಬೇಕೆಂದು 1937ರ ವಿಮಾನ ನಿಯಮಗಳ 30(7)ರಲ್ಲಿ ಇದ್ದರೂ ಡಿಜಿಸಿಎ ಆ ತಡೆಯನ್ನು ತೋರಿಸಿ ಸುಮ್ಮನಾಯಿತು. ಅಕ್ಟೋಬರಿನಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯ ವಿಮಾನಗಳನ್ನು ಆ ತಡೆಯಿಂದ ಹೊರಗಿಟ್ಟು ಅಧಿಸೂಚನೆ ಹೊರಡಿಸಿತು. ಅದು ಹಿಂದಿನ ಪ್ರಕರಣಕ್ಕೂ ಅನ್ವಯಿಸುತ್ತದೆಯೇ ಎಂಬ ವಾದದಲ್ಲಿ ಮತ್ತಷ್ಟು ತಿಂಗಳು ಕಳೆದವು. ಕೊನೆಗೆ 2024ರ ಏಪ್ರಿಲ್ 26ರಂದು ದೆಹಲಿ ಹೈಕೋರ್ಟು 54 ವಿಮಾನಗಳ ನೋಂದಣಿ ರದ್ದುಪಡಿಸಲು ಆದೇಶಿಸಿತು. ಒಂದು ವರ್ಷ ಹಾರದೆ ನಿಂತ ವಿಮಾನದ ಎಂಜಿನ್ ಮತ್ತು ಬಿಡಿಭಾಗಗಳ ಗತಿ ಏನಾಗುತ್ತದೆ ಎಂಬುದನ್ನು ತಮ್ಮ ಬ್ಯಾಂಕು ಬಲ್ಲದು. ಪರಿಶೀಲನೆಗಾಗಿ ವಿಮಾನದ ಹತ್ತಿರ ಹೋಗಲೂ ಮಾಲೀಕರು ನ್ಯಾಯಾಲಯದ ಅಪ್ಪಣೆ ಪಡೆಯಬೇಕಾಗಿತ್ತು.

ಬೇರು ಇದ್ದದ್ದು ಒಂದು ಕಡೆ. ಭಾರತ 2008ರಲ್ಲೇ ಒಡಂಬಡಿಕೆಯನ್ನು ಒಪ್ಪಿದ್ದರೂ ಅದಕ್ಕೆ ದೇಶದೊಳಗೆ ಕಾಯ್ದೆಯ ಬಲ ಕೊಟ್ಟಿರಲಿಲ್ಲ. ನಿಯಮಗಳಿಗೂ ಸಂಸತ್ತಿನ ಸಂಹಿತೆಗೂ ಘರ್ಷಣೆಯಾದಾಗ ಸಂಹಿತೆ ಗೆದ್ದಿತು. 2025ರ ಏಪ್ರಿಲ್‌ನಲ್ಲಿ ಸಂಸತ್ತು ಅಂಗೀಕರಿಸಿದ ವಿಮಾನ ವಸ್ತುಗಳ ಹಿತಾಸಕ್ತಿ ರಕ್ಷಣಾ ಕಾಯ್ದೆ ಈ ಕೊರತೆಯನ್ನು ತುಂಬಿದೆ. ಬೇರೆ ಕಾನೂನಿನೊಂದಿಗೆ ಘರ್ಷಣೆಯಾದರೆ ಒಡಂಬಡಿಕೆಯೇ ಮೇಲು. ದಿವಾಳಿಯಾದ ಸಂಸ್ಥೆ ಎರಡು ತಿಂಗಳೊಳಗೆ ಬಾಕಿ ತೀರಿಸಿ ಗುತ್ತಿಗೆಯನ್ನು ಸರಿಪಡಿಸಬೇಕು, ಇಲ್ಲವೇ ವಿಮಾನ ಬಿಟ್ಟುಕೊಡಬೇಕು. ಹಾಗಿದ್ದೂ ನೌಕರರ ಸಂಬಳದ ಬಾಕಿ, ವಿಮಾನದ ಬಳಕೆಗೆ ಸಂಬಂಧಿಸಿದ ಸರ್ಕಾರಿ ತೆರಿಗೆ ಮತ್ತು ಶುಲ್ಕ, ವಿಮಾನವನ್ನು ವಶದಲ್ಲಿಟ್ಟುಕೊಂಡ ದುರಸ್ತಿಗಾರರ ಹಕ್ಕು ಇವನ್ನು ಭಾರತ ತನ್ನ ಘೋಷಣೆಗಳಲ್ಲಿ ಉಳಿಸಿಕೊಂಡಿದೆ. ಬ್ಯಾಂಕು ಲೆಕ್ಕ ಹಾಕಬೇಕಾದದ್ದು ಇವನ್ನು.

ಗಿಫ್ಟ್ ಸಿಟಿಯ ದಾರಿ ಕಾನೂನಿನಲ್ಲಿ ಗಟ್ಟಿಯಾದದ್ದೇ. 2020ರಲ್ಲಿ ವಿಮಾನ ಗುತ್ತಿಗೆಯನ್ನು ಅಲ್ಲಿ ಹಣಕಾಸು ಉತ್ಪನ್ನವೆಂದು ಗುರುತಿಸಲಾಯಿತು. ಏರ್ ಇಂಡಿಯಾ 2023ರಲ್ಲಿ ತನ್ನ ಮೊದಲ ಎ350 ವಿಮಾನವನ್ನು ತಂದದ್ದು ಆ ಮಾರ್ಗದಲ್ಲೇ. ಆದರೆ ಒಂದೇ ವಿಮಾನಕ್ಕಾಗಿ ಪರವಾನಗಿ, ಕಚೇರಿ, ಸಿಬ್ಬಂದಿ, ವರದಿಗಳ ಹೊರೆ ಹೊರಬೇಕೇ ಎಂಬುದನ್ನು ತಮ್ಮ ಲೆಕ್ಕಪರಿಶೋಧಕರೊಂದಿಗೆ ಮತ್ತೊಮ್ಮೆ ಚರ್ಚಿಸಿ. ಎರಡನೆಯ, ಮೂರನೆಯ ವಿಮಾನದ ಯೋಜನೆ ಇದ್ದರೆ ಮಾತು ಬೇರೆ.

ಉತ್ತರ 4 (ನಿವೃತ್ತ ಎಂಜಿನಿಯರ್, ವಿಮಾನ ತಾಂತ್ರಿಕ ದಾಖಲೆ ವಿಭಾಗ)

ಮೇಡಂ ಅವರ ಎಲ್ಲ ಮಾತುಗಳನ್ನೂ ಗೌರವದಿಂದ ಓದಿದೆ. ಆದರೆ ಎರಡನೆಯ ದಾರಿಯನ್ನು ಅಷ್ಟು ಸಲೀಸಾಗಿ ಒಪ್ಪಲಾರೆ. ವಿಮಾನ ಮರಳಿಸುವ ಹಂತದಲ್ಲಿ ವಿಮಾನಯಾನ ಸಂಸ್ಥೆಯೊಂದಿಗೆ ಜಗಳವಾಡುವ ಹಕ್ಕು ಆ ದಿನದ ಮಾಲೀಕರದು. ಮಾರಿ ಕೈತೊಳೆದುಕೊಳ್ಳಲು ಕಾಯುತ್ತಿರುವ ಮಾಲೀಕರು ಆ ಜಗಳವನ್ನು ತಮ್ಮಷ್ಟು ಕಟ್ಟುನಿಟ್ಟಾಗಿ ಆಡುವರೇ?

ಜಗಳ ಆಗುವುದು ಕಾಗದಗಳ ಮೇಲೆ. ಎಂಜಿನ್ನಿನೊಳಗಿನ ತಟ್ಟೆಗಳಂತಹ, ನಿಗದಿತ ಆಯುಸ್ಸುಳ್ಳ ಪ್ರತಿ ಭಾಗಕ್ಕೂ ಅದು ಕಾರ್ಖಾನೆಯಿಂದ ಹೊರಬಂದ ದಿನದಿಂದ ಇಂದಿನವರೆಗಿನ ಇತಿಹಾಸ ಕಾಗದದಲ್ಲಿರಬೇಕು: ಯಾವ ಎಂಜಿನ್ನಿನಲ್ಲಿ, ಯಾವ ಸಂಸ್ಥೆಯ ಬಳಿ, ಎಷ್ಟು ಆವರ್ತ (ಒಂದು ಹಾರಾಟಕ್ಕೆ ಒಂದು ಆವರ್ತ). ನಡುವೆ ಒಬ್ಬ ಬಳಕೆದಾರರ ಹೇಳಿಕೆ ಕಾಣೆಯಾದರೂ ಸರಪಳಿ ತುಂಡಾಗುತ್ತದೆ, ಆ ಭಾಗದ ಬೆಲೆ ಗುಜರಿಗೆ ಇಳಿಯುತ್ತದೆ. ಹಳೆಯ ಸಂಸ್ಥೆ ಮುಚ್ಚಿಹೋಗಿದ್ದರೆ ಹೇಳಿಕೆ ಕೊಡುವವರೇ ಇರುವುದಿಲ್ಲ. ಡಿಜಿಸಿಎಗೆ ರಫ್ತು ಯೋಗ್ಯತಾ ಪ್ರಮಾಣಪತ್ರ ಬೇಕು. ಹಿಂದಿನ ಮಾಲೀಕರು ಮಾಡಿಸಿದ ಪ್ರತಿ ಮಾರ್ಪಾಡಿಗೂ ಅನುಮೋದನೆಯ ಆಧಾರ ಬೇಕು. ತಾವು ಮಾಡಿಸಲಿರುವ ಸರಕು ಪರಿವರ್ತನೆಯ ಪೂರಕ ವಿನ್ಯಾಸ ಪ್ರಮಾಣಪತ್ರವನ್ನೂ ಡಿಜಿಸಿಎ ಒಪ್ಪಿರಬೇಕು. ಆಮದಾಗುವ ವಿಮಾನದ ವಯಸ್ಸಿಗೂ ಒತ್ತಡದ ಆವರ್ತಗಳಿಗೂ ಮಿತಿ ಇದೆ, ಪ್ರಯಾಣಿಕ ಮತ್ತು ಸರಕು ವಿಮಾನಗಳಿಗೆ ಅದು ಬೇರೆ ಬೇರೆ. ಪರಿವರ್ತನೆ ವಿದೇಶದಲ್ಲೇ ಮುಗಿದು ವಿಮಾನ ಸರಕು ರೂಪದಲ್ಲಿ ಬರುತ್ತದೆಯೋ ಇಲ್ಲವೋ ಎಂಬುದರಿಂದ ಯಾವ ಮಿತಿ ಎಂಬುದು ಬದಲಾಗಬಹುದು. ಇದನ್ನು ಆಮದು ಅರ್ಜಿಗೆ ಮೊದಲೇ ಡಿಜಿಸಿಎಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಉತ್ತರ 5 (ನಿರ್ಬಂಧ ಅನುಪಾಲನೆ ಅಧಿಕಾರಿ, ಬ್ಯಾಂಕ್)

ಒಂದು ಅಂಶ ಉಳಿಯಿತು. 737 ಅಮೆರಿಕದ ವಿಮಾನ. ಎಲ್ಲಿ ನೋಂದಣಿಯಾಗಿರಲಿ, ಯಾರೇ ಮಾರಲಿ, ಅಮೆರಿಕದ ರಫ್ತು ನಿಯಂತ್ರಣ ಅದರ ಬೆನ್ನ ಹಿಂದೆಯೇ ಇರುತ್ತದೆ. ಮೇಲೆ ಉಲ್ಲೇಖಿಸಿದ ಬ್ಲೂ ಸ್ಕೈ ಪ್ರಕರಣದ ಹಿನ್ನೆಲೆಯಲ್ಲೂ ಇದೇ ಕಥೆ ಇದೆ: ಬ್ರಿಟನ್ನಿನ ಬಲ್ಲಿ ಸಮೂಹ ಮೂರು 747 ವಿಮಾನಗಳನ್ನು ಇರಾನಿಗೆ ತಲುಪಿಸಿದ್ದಕ್ಕಾಗಿ 2010ರಲ್ಲಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು, 20 ಲಕ್ಷ ಡಾಲರ್ ಕ್ರಿಮಿನಲ್ ದಂಡ ಮತ್ತು 1.5 ಕೋಟಿ ಡಾಲರ್ ಸಿವಿಲ್ ದಂಡ ಒಪ್ಪಿಕೊಂಡಿತು.

ಮಾಲೀಕತ್ವ ಎಷ್ಟೇ ಶುದ್ಧವಾಗಿದ್ದರೂ ವಿಮಾನ ಸಿಗದಿರಬಹುದು ಎಂಬುದಕ್ಕೆ 2022ರ ರಷ್ಯಾ ಸಾಕ್ಷಿ. ಐರೋಪ್ಯ ಒಕ್ಕೂಟ ಮಾರ್ಚ್ 28ರೊಳಗೆ ಗುತ್ತಿಗೆಗಳನ್ನು ಮುಗಿಸುವಂತೆ ಹೇಳಿತು, ರಷ್ಯಾ ಅದಕ್ಕೂ ಮೊದಲೇ ಕಾನೂನು ಮಾಡಿ ಆ ವಿಮಾನಗಳನ್ನು ತನ್ನ ನೋಂದಣಿಗೆ ಸೇರಿಸಿಕೊಂಡಿತು, ನೂರಾರು ವಿಮಾನಗಳು ಅಲ್ಲೇ ಉಳಿದವು. 2023ರಲ್ಲಿ ಏರ್‌ಕ್ಯಾಪ್ ಕಂಪನಿ ಏರೋಫ್ಲಾಟ್ ಸಮೂಹದ ಬಳಿಯಿದ್ದ 17 ವಿಮಾನಗಳು ಮತ್ತು ಐದು ಎಂಜಿನ್‌ಗಳಿಗೆ ಸುಮಾರು 64.5 ಕೋಟಿ ಡಾಲರ್ ಪಡೆದದ್ದು, ಮಾರಾಟದ ಹಣವಾಗಿ ಅಲ್ಲ, ರಷ್ಯಾದ ವಿಮಾ ಕಂಪನಿಯ ಇತ್ಯರ್ಥವಾಗಿ. ತಮ್ಮ ವಿಮಾನ ಅಥವಾ ಅದರ ಎಂಜಿನ್ ಹಿಂದೆ ಎಲ್ಲೆಲ್ಲಿ ಹಾರಿದೆ, ಎಲ್ಲಿ ದುರಸ್ತಿಯಾಗಿದೆ ಎಂಬ ಪಟ್ಟಿಯನ್ನು ಕೇಳಿ. ಡಾಲರ್ ಪಾವತಿ ಮಾಡುವ ಬ್ಯಾಂಕು ಹೇಗೂ ಕೇಳುತ್ತದೆ, ಮತ್ತು ಅದು ಕೇಳುವುದು ಹಣ ಹೋಗಬೇಕಾದ ದಿನ.

ಉತ್ತರ 6 (ವಿಮಾನ ಹಣಕಾಸು ವಕೀಲೆ, ಡಬ್ಲಿನ್)

ಎಂಜಿನಿಯರ್ ಸರ್ ಅವರ ಆಕ್ಷೇಪ ಸರಿಯಾದದ್ದು, ಅದಕ್ಕೆ ಒಪ್ಪಂದದಲ್ಲೇ ಪರಿಹಾರವಿದೆ. ಖರೀದಿ ಒಪ್ಪಂದಕ್ಕೆ ಈಗಲೇ ಸಹಿ ಮಾಡಿ. ಒಡೆತನ ಮಾತ್ರ ವಿಮಾನ ಮರಳಿದ ದಿನವೇ, ಒಪ್ಪಿತ ನಿಲ್ದಾಣದಲ್ಲಿ, ಅಲ್ಲಿನ ನೋಂದಣಿ ರದ್ದತಿ ಮತ್ತು ರಫ್ತು ಪ್ರಮಾಣಪತ್ರ ಕೈಸೇರಿದ ಮೇಲೆ ತಮ್ಮದಾಗಲಿ. ಮರಳಿಸುವಾಗಿನ ತಪಾಸಣೆಗೆ ತಮ್ಮ ಎಂಜಿನಿಯರ್ ಹಾಜರಿರುವ ಹಕ್ಕನ್ನು ಬರೆಸಿಕೊಳ್ಳಿ. ಅವರ ಒಪ್ಪಿಗೆಯಿಲ್ಲದೆ ಮಾರುವವರು ಯಾವ ಕೊರತೆಯನ್ನೂ ಹಣ ಪಡೆದು ಮನ್ನಾ ಮಾಡುವಂತಿಲ್ಲ ಎಂಬ ಷರತ್ತೂ ಇರಲಿ. ವಿಮಾನಯಾನ ಸಂಸ್ಥೆಯ ಮೇಲಿನ ಕ್ಲೇಮುಗಳನ್ನೂ ಮುಂದಿನ ದುರಸ್ತಿಗೆಂದು ಆ ಸಂಸ್ಥೆ ಕಟ್ಟಿರುವ ನಿರ್ವಹಣಾ ನಿಧಿಯ ಉಳಿಕೆಯನ್ನೂ ಒಡೆತನದ ಜೊತೆಗೆ ತಮಗೆ ವರ್ಗಾಯಿಸುವಂತೆ ಕೇಳಿ. ಪೂರ್ತಿ ಸಿಗದಿದ್ದರೂ ಬೆಲೆಯಲ್ಲಿ ಹೊಂದಾಣಿಕೆ ಸಿಗುತ್ತದೆ. ಮಾರುವವರ ಒಪ್ಪಿಗೆ ಪಡೆದು, ಮುಂದಾಗಲಿರುವ ಮಾರಾಟವೆಂದು ಅಂತಾರಾಷ್ಟ್ರೀಯ ನೋಂದಣಿಯಲ್ಲಿ ಇಂದೇ ದಾಖಲಿಸಿದರೆ, ಈ ಮಧ್ಯೆ ಅವರು ಇನ್ನೊಬ್ಬರಿಗೆ ಮಾರಿದರೂ ಆದ್ಯತೆ ತಮ್ಮದೇ.

ಮುಂಗಡವನ್ನು ಮಾರುವವರ ಖಾತೆಗೆ ಕಳುಹಿಸಬೇಡಿ. ಷರತ್ತು ಪೂರೈಸುವವರೆಗೆ ಹಣ ಹಿಡಿದಿಡುವ, ಮೂರನೆಯವರ ಎಸ್ಕ್ರೋ ಖಾತೆಯಲ್ಲಿರಲಿ, ಮತ್ತು ಡಿಜಿಸಿಎ ಆಮದಿಗೆ ಒಪ್ಪದಿದ್ದರೆ ಅದು ಕಡಿತವಿಲ್ಲದೆ ಮರಳಬೇಕು ಎಂದು ಬರೆಸಿ. ಮಾರುವವರು ಮೊದಲು ಒಪ್ಪುವುದಿಲ್ಲ, ಖರೀದಿದಾರರ ದೇಶದ ಅನುಮತಿ ಖರೀದಿದಾರರದೇ ಹೊಣೆ ಎನ್ನುತ್ತಾರೆ. ಅನುಮತಿಗೆ ಕೊನೆಯ ದಿನಾಂಕವೊಂದನ್ನು ನಿಗದಿಪಡಿಸಿ, ಗುತ್ತಿಗೆ ಮುಗಿಯುವುದಕ್ಕೆ ಸಾಕಷ್ಟು ಮೊದಲೇ ಅದನ್ನು ಇಟ್ಟರೆ ಒಪ್ಪುತ್ತಾರೆ, ಏಕೆಂದರೆ ಆಗ ಬೇರೆ ಖರೀದಿದಾರರನ್ನು ಹುಡುಕಲು ಅವರಿಗೆ ಸಮಯವಿರುತ್ತದೆ.